ಕೊಕೊಮೊ ಓಪಲೆಸೆಂಟ್ ಗ್ಲಾಸ್: ಬಣ್ಣದ ಗಾಜು ನೋಡಲು ಹೋಗುವವರಿಗೆ, ಕೊಳ್ಳಲು ಹೋಗುವವರಿಗೆ

ಅಮೆರಿಕದ ಇಂಡಿಯಾನಾ ರಾಜ್ಯದ ಕೊಕೊಮೊ ಊರಿನ ಸೌತ್ ಮಾರ್ಕೆಟ್ ಸ್ಟ್ರೀಟಿನಲ್ಲಿ 1888ರಿಂದ ಬಣ್ಣದ ಗಾಜಿನ ಹಾಳೆ ಮಾಡುತ್ತಿರುವ ಕಾರ್ಖಾನೆಯೊಂದಿದೆ. ಹೆಸರು ಕೊಕೊಮೊ ಓಪಲೆಸೆಂಟ್ ಗ್ಲಾಸ್; ಓಪಲೆಸೆಂಟ್ ಎಂದರೆ ಹಾಲಿನಂಥ ಮಬ್ಬಿರುವ ಗಾಜು. ಕೆಲಸ ನಡೆಯುತ್ತಿರುವಾಗಲೇ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಸ್ಟೇನ್ಡ್ ಗ್ಲಾಸ್ ಕೆಲಸ, ಅಂದರೆ ಬಣ್ಣದ ಗಾಜಿನ ತುಂಡು ಜೋಡಿಸಿ ಕಿಟಕಿ, ದೀಪ ಕಟ್ಟುವ ಕೆಲಸ, ಮಾಡುವವರಿಗೂ, ಮನೆಗೊಂದು ಬಣ್ಣದ ಕಿಟಕಿ ಮಾಡಿಸುವ ಯೋಚನೆ ಇರುವವರಿಗೂ ನಮ್ಮ ಶಿಫಾರಸು ಒಂದೇ: ಮೊದಲು ಕುಲುಮೆ ನೋಡಿ, ಆಮೇಲೆ ಗಾಜು ಕೊಳ್ಳಿ. ಒಂದೇ ನಂಬರಿನ ಎರಡು ಹಾಳೆಗಳ ಬಣ್ಣ ಬೇರೆ ಯಾಕೆ, ಗಾಜು ಕೊಯ್ಯುವ ಕಟರ್ ಒಂದು ಕಡೆ ಸಲೀಸಾಗಿ ಓಡಿ ಇನ್ನೊಂದು ಕಡೆ ದಾರಿ ಯಾಕೆ ತಪ್ಪುತ್ತದೆ, ಗುಲಾಬಿ ಬಣ್ಣಕ್ಕೆ ಅಷ್ಟು ದುಡ್ಡು ಯಾಕೆ, ಎಲ್ಲಕ್ಕೂ ಉತ್ತರ ಒಳಗಿನ ಒಂದು ಉಕ್ಕಿನ ಮೇಜಿನ ಸುತ್ತಮುತ್ತ ಸಿಗುತ್ತದೆ.

ಊರು ಇಂಡಿಯಾನಾಪೊಲಿಸ್‌ನಿಂದ ಉತ್ತರಕ್ಕೆ, ಯುಎಸ್ 31 ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆ ದಾರಿ. ಪರ್ಡ್ಯೂ ವಿಶ್ವವಿದ್ಯಾಲಯದ ಕಡೆ ಇರುವ ಕನ್ನಡಿಗರಿಗೂ ಹೆಚ್ಚುಕಡಿಮೆ ಅಷ್ಟೇ. ಶಿಕಾಗೋದಿಂದ ಬರುವವರು ಒಂದು ವಿಷಯ ಮರೆಯಬಾರದು. ಕೊಕೊಮೊ ಪೂರ್ವ ವಲಯದ ಸಮಯದಲ್ಲಿದೆ, ಶಿಕಾಗೋ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ. ಬೆಳಗಿನ ಪ್ರವಾಸ ತಪ್ಪಿಹೋಗಲು ಇಷ್ಟು ಸಾಕು. ಪ್ರವಾಸ ಇರುವುದು ಕೆಲಸದ ದಿನಗಳಲ್ಲಿ. ಯಾವ ವಾರ, ಎಷ್ಟು ಹೊತ್ತಿಗೆ, ಶುಲ್ಕ ಎಷ್ಟು ಎಂಬುದು ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಫೋನ್ ಮಾಡಿ. ಮಾಡಿದಾಗ ಕೇಳಬೇಕಾದ ಪ್ರಶ್ನೆ "ತೆರೆದಿರುತ್ತೀರಾ" ಎಂಬುದಕ್ಕಿಂತ "ಆ ದಿನ ಹಾಳೆ ಉರುಳಿಸುತ್ತೀರಾ" ಎಂಬುದು. ಉರುಳಿಸುವುದೆಂದರೆ ಬಿಸಿ ಗಾಜನ್ನು ರೋಲರುಗಳ ನಡುವೆ ಹಾಯಿಸಿ ಹಾಳೆ ಮಾಡುವುದು. ಕುಲುಮೆ ದುರಸ್ತಿಯ ದಿನವೋ ರೋಲರ್ ನಿಂತ ದಿನವೋ ಹೋದರೆ ನೋಡಲು ಉಳಿಯುವುದು ಕಟ್ಟಡ ಮತ್ತು ಕಪಾಟುಗಳು ಮಾತ್ರ.

ಪಾದ ಪೂರ್ತಿ ಮುಚ್ಚುವ ಬೂಟು ಹಾಕಿಕೊಳ್ಳಿ. ನೆಲದ ಮೇಲೆ ಗಾಜಿನ ಚೂರು ಇದ್ದೇ ಇರುತ್ತದೆ, ಎಷ್ಟು ಗುಡಿಸಿದರೂ. ಮೈಗೆ ಹತ್ತಿಯ ಬಟ್ಟೆ ಇರಲಿ; ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸೀರೆ, ದುಪಟ್ಟಾ ಬೇಡ. ಜುಲೈ, ಆಗಸ್ಟ್‌ನಲ್ಲಿ ಹೊರಗಿನ ಸೆಕೆಯ ಮೇಲೆ ಕುಲುಮೆಯ ಝಳವೂ ಸೇರುತ್ತದೆ. ವಯಸ್ಸಾದ ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ತೋರಿಸೋಣ ಎನ್ನುವವರು ಅಕ್ಟೋಬರ್ ತನಕ ಕಾಯುವುದು ಒಳ್ಳೆಯದು. ಎತ್ತಿಕೊಳ್ಳಬೇಕಾದ ಮಗುವನ್ನು ಕರೆದೊಯ್ಯುವ ಜಾಗ ಇದಲ್ಲ. ಇನ್ನೊಂದು ವಿಷಯ: ಬರ್ನರುಗಳ ಸದ್ದಿನಲ್ಲಿ ವಿವರಣೆ ಅರ್ಧಂಬರ್ಧ ಕೇಳುತ್ತದೆ. ಹಾಗಾಗಿ ಏನು ನಡೆಯುತ್ತಿದೆ ಎಂದು ಮೊದಲೇ ತಿಳಿದು ಹೋದರೆ ಕಣ್ಣಿಗೆ ಕೆಲಸ ಸಿಗುತ್ತದೆ. ಕೆಳಗಿನ ವಿವರ ಅದಕ್ಕಾಗಿಯೇ.

ಗಾಜಿನ ಮೂಲ ಸಾಮಾನು ಮೂರು: ಸಿಲಿಕಾ ಮರಳು, ಸೋಡಾ ಆಶ್, ಸುಣ್ಣಕಲ್ಲಿನ ಪುಡಿ. ಮರಳು ಒಂದನ್ನೇ ಕರಗಿಸಲು 1,700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸೋಡಾ ಅದನ್ನು ಕೆಳಗಿಳಿಸುತ್ತದೆ. ಸೋಡಾ ಮಾತ್ರ ಹಾಕಿದರೆ ನೀರಿನಲ್ಲಿ ಕರಗುವ ಗಾಜಾಗುತ್ತದೆ, ಅದಕ್ಕೆ ಸುಣ್ಣ. ಇದರ ಜತೆಗೆ ಒಡೆದ ಗಾಜು, ಅಂದರೆ ಕಲೆಟ್, ಸೇರಿಸುತ್ತಾರೆ. ಮೊದಲೇ ಗಾಜಾಗಿರುವುದರಿಂದ ಬೇಗ ಕರಗಿ ಉಳಿದದ್ದನ್ನೂ ಕರಗಿಸುತ್ತದೆ. ಬಣ್ಣ ಬರುವುದು ಲೋಹಗಳಿಂದ. ಕೋಬಾಲ್ಟ್ ನೀಲಿ ಕೊಡುತ್ತದೆ, ಅದೂ ಎಷ್ಟು ಗಾಢ ಎಂದರೆ ಕ್ವಿಂಟಲ್ ಗಾಜಿಗೆ ಕೆಲವು ಹತ್ತು ಗ್ರಾಂ ಸಾಕು. ತಾಮ್ರದಿಂದ ನೀಲಿ ಹಸಿರು, ಕ್ರೋಮಿಯಂನಿಂದ ಎಲೆ ಹಸಿರು, ಮ್ಯಾಂಗನೀಸ್‌ನಿಂದ ನೇರಳೆ. ಹಳದಿ, ಕಿತ್ತಳೆ, ಕೆಂಪಿಗೆ ಕ್ಯಾಡ್ಮಿಯಂ ಮತ್ತು ಸೆಲೆನಿಯಂ. ಗುಲಾಬಿಗೆ ನಿಜವಾದ ಚಿನ್ನ. ಬೆಲೆಯ ಗುಟ್ಟು ಅಲ್ಲೇ ಇದೆ, ವ್ಯಾಪಾರಿಯ ದುರಾಸೆಯಲ್ಲಿ ಅಲ್ಲ.

ಹಾಲಿನಂಥ ಮಬ್ಬು ಎಲ್ಲಿಂದ ಬರುತ್ತದೆ ಎಂಬುದೇ ಈ ಕಾರ್ಖಾನೆಯ ಮುಖ್ಯ ವಿಷಯ. ಓಪಲೆಸೆಂಟ್ ಗಾಜಿನಲ್ಲಿ ಬಿಳಿ ಬಣ್ಣವೆಂಬ ಪದಾರ್ಥವೇ ಇಲ್ಲ. ಫ್ಲೋರಿನ್ ಇರುವ ಖನಿಜವನ್ನು ಪಾಕಕ್ಕೆ ಹಾಕುತ್ತಾರೆ. ಕಾದಿರುವಾಗ ಅದು ಪೂರ್ತಿ ಕರಗಿ ಪಾಕ ತಿಳಿಯಾಗಿರುತ್ತದೆ. ಆರುತ್ತಾ ಬಂದಂತೆ ಅತಿ ಸಣ್ಣ ಹರಳುಗಳಾಗಿ ಬೇರ್ಪಟ್ಟು ಬೆಳಕನ್ನು ಚದುರಿಸುತ್ತದೆ. ನಿಧಾನ ಆರಿದರೆ ಹರಳು ದೊಡ್ಡದಾಗಿ ಗಾಜು ದಟ್ಟ. ಬೇಗ ಆರಿದರೆ ತೆಳು ಹೊಗೆ. ರೋಲರಿನ ಉಷ್ಣತೆ, ಮೇಜಿನ ಮೇಲೆ ಕಳೆದ ಕ್ಷಣಗಳು, ಹಾಳೆಯ ದಪ್ಪ, ಇವೆಲ್ಲ ಆ ಮಬ್ಬಿನಲ್ಲಿ ದಾಖಲಾಗುತ್ತವೆ. ಫ್ಲೋರಿನ್ ಕುಲುಮೆಯಲ್ಲಿ ಸ್ವಲ್ಪ ಸ್ವಲ್ಪ ಆವಿಯಾಗಿಯೂ ಹೋಗುತ್ತದೆ, ಹಾಗಾಗಿ ಒಂದೇ ಮೂಸೆಯಿಂದ (ಗಾಜು ಕರಗಿಸುವ ಮಣ್ಣಿನ ಪಾತ್ರೆ) ಬೆಳಗ್ಗೆ ತೆಗೆದದ್ದೂ ಕೊನೆಯಲ್ಲಿ ತೆಗೆದದ್ದೂ ಒಂದೇ ಥರ ಇರಬೇಕೆಂದಿಲ್ಲ.

ಒಳಗೆ ಹೋದೊಡನೆ ಕಣ್ಣಿಗೆ ಬೀಳುವುದು ದುಂಡಗಿನ ಕುಲುಮೆ. ಸುತ್ತಲೂ 12 ಮೂಸೆಗಳಿಗೆ ಜಾಗ, ಒಂದೊಂದಕ್ಕೂ ಒಂದೊಂದು ಬಾಯಿ. ಒಳಗಿನ ಬಿಸಿ ಸುಮಾರು 1,400 ಡಿಗ್ರಿ ಸೆಲ್ಸಿಯಸ್. ಹಿಂದಿನ ದಿನ ತುಂಬಿದ ಬ್ಯಾಚು, ಅಂದರೆ ಸಾಮಾನಿನ ಮಿಶ್ರಣ, ರಾತ್ರಿಯಿಡೀ ಬೆಂದು ಬೆಳಗ್ಗೆ ಸೌಟಿಗೆ ಬರುತ್ತದೆ. ಮೂಸೆ ಮಾಡಿರುವುದು ಬೆಂಕಿಮಣ್ಣಿನಿಂದ, ಗಾಜು ಅದನ್ನು ಒಳಗಿನಿಂದ ತಿನ್ನುತ್ತಲೇ ಇರುತ್ತದೆ. ಸೀಳು ಬಿಟ್ಟ ಮೂಸೆಯನ್ನು ಕುಲುಮೆ ಆರಿಸದೆ ಕಿತ್ತು ಹೊಸದನ್ನು ಇಡಬೇಕು, ಇಡೀ ಕಾರ್ಖಾನೆಯಲ್ಲಿ ಅತಿ ಕಷ್ಟದ ಕೆಲಸ ಅದು. ಕುಲುಮೆ ಹಗಲಿರುಳು ಉರಿಯುವುದಕ್ಕೂ ಕಾರಣ ಇದೇ: ಆರಿಸಿ ಮತ್ತೆ ಹೊತ್ತಿಸಿದರೆ ಮೂಸೆಗಳು, ಇಟ್ಟಿಗೆಗಳು ಎರಡೂ ಬಿರಿಯುತ್ತವೆ. ಯಾವ ಮೂಸೆಯಲ್ಲಿ ಯಾವ ಬಣ್ಣ ಎಂಬುದಕ್ಕೂ ಲೆಕ್ಕವಿದೆ. ಕೋಬಾಲ್ಟ್ ಕಂಡ ಮೂಸೆಯಲ್ಲಿ ನಾಳೆ ಬಿಳಿ ಬೇಯಿಸಲಾಗದು. ಗೋಡೆಗೆ ಅಂಟಿದ ತೆಳು ಪದರವೇ ಬಿಳಿಯನ್ನು ನೀಲಿ ಮಾಡಿಬಿಡುತ್ತದೆ.

ಇನ್ನು ಮೇಜು. ಉದ್ದ ಹಿಡಿಯ ಕಬ್ಬಿಣದ ಸೌಟುಗಳಲ್ಲಿ ಬೇರೆ ಬೇರೆ ಮೂಸೆಯಿಂದ ಬೇರೆ ಬೇರೆ ಬಣ್ಣದ ಗಾಜು ಮೊಗೆದು ಸೌಟಿನವರು ಬಿರಬಿರನೆ ಬರುತ್ತಾರೆ. ನಡಿಗೆ ಅಲ್ಲ, ಓಟವೂ ಅಲ್ಲ, ನಡುವಿನದು. ಎಲ್ಲರೂ ಕೆಲವೇ ಕ್ಷಣಗಳ ಅಂತರದಲ್ಲಿ ಮೇಜಿನ ಮೇಲೆ ಸುರಿಯಬೇಕು. ಒಬ್ಬರು ತಡವಾದರೆ ಮೊದಲು ಬಿದ್ದ ಬಣ್ಣಕ್ಕೆ ಕೆನೆಕಟ್ಟಿದ ಹಾಗೆ ಮೇಲ್ಪದರ ಗಟ್ಟಿಯಾಗುತ್ತದೆ, ಆಮೇಲಿನ ಬಣ್ಣ ಅದರೊಳಗೆ ಇಳಿಯುವುದಿಲ್ಲ. ಮೇಜಿನ ಬಳಿ ನಿಂತವರ ಕೈಯಲ್ಲಿ ದೊಡ್ಡ ಮುಳ್ಳುಗೋಲಿನಂಥ ಸಲಕರಣೆ. ನಾಲ್ಕಾರು ಸಲ ಅತ್ತಿಂದಿತ್ತ ಎಳೆದು, ಮಗುಚಿ, ರೋಲರಿನ ಬಾಯಿಗೆ ನೂಕುತ್ತಾರೆ. ಕಾರ್ಖಾನೆಯ ಕುಶಲತೆ ಎಲ್ಲ ಈ ಕೆಲವು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಕಡಿಮೆ ಎಳೆದರೆ ಬಣ್ಣ ಗುಡ್ಡೆ ಗುಡ್ಡೆ. ಹೆಚ್ಚು ಎಳೆದರೆ ಎಲ್ಲ ಕಲಸಿ ಕೊಚ್ಚೆಯ ಬಣ್ಣ. ಹದಕ್ಕೆ ನಿಂತರೆ ಬಿಳಿಯ ಒಳಗೆ ಹಸಿರೂ ಜೇನುಬಣ್ಣವೂ ಎಳೆ ಎಳೆಯಾಗಿ ಹರಿಯುತ್ತವೆ. ಯಾವ ಯಂತ್ರವೂ ಈ ಎಳೆಗಳನ್ನು ಎರಡನೇ ಸಲ ಹಾಗೆಯೇ ಕೊಡಲಾರದು. ಅದೇ ಮನುಷ್ಯ, ಅದೇ ಸೌಟು, ಅದೇ ಮೂಸೆ ಇದ್ದರೂ.

ಪ್ರವಾಸದಲ್ಲಿ ಇಲ್ಲಿ ನಿಲ್ಲಲು ಸಿಗುವ ಹೊತ್ತನ್ನು ಹಾಳು ಮಾಡಬೇಡಿ. ಬಹುತೇಕರು ಕುಲುಮೆಯ ಬೆಂಕಿಯ ಫೋಟೋ ತೆಗೆಯುವುದರಲ್ಲೇ ಕಳೆಯುತ್ತಾರೆ (ಫೋಟೋಗೆ ಮೊದಲು ಅನುಮತಿ ಕೇಳಿ). ನೋಡಬೇಕಾದದ್ದು ಮುಳ್ಳುಗೋಲಿನ ಕೈ. ಎಷ್ಟು ಬಾರಿ ಎಳೆದರು, ಯಾವ ದಿಕ್ಕಿಗೆ ಎಳೆದರು ಎಂದು ಒಂದೇ ಬಣ್ಣದ ಎರಡು ಮೂರು ಹಾಳೆಗಳಿಗೆ ಹೋಲಿಸಿ ನೋಡಿ. ಆಮೇಲೆ ಅಂಗಡಿಯ ಕಪಾಟಿನ ಮುಂದೆ ನಿಂತಾಗ ಎಳೆಗಳ ದಿಕ್ಕನ್ನು ನೋಡಿಯೇ ಅದು ಉರುಳಿದ ದಿಕ್ಕನ್ನು ಹೇಳಬಲ್ಲಿರಿ. ಆ ದಿಕ್ಕು ಬೇಕಾಗುತ್ತದೆ. ಕಿಟಕಿಯ ಚಿತ್ರದಲ್ಲಿ ಆಕಾಶವಾಗುವ ತುಂಡುಗಳನ್ನೆಲ್ಲ ಒಂದೇ ದಿಕ್ಕಿನಲ್ಲಿ ಕೊಯ್ಯದಿದ್ದರೆ ಮುಗಿದ ಕಿಟಕಿಯಲ್ಲಿ ಮೋಡ ಅಡ್ಡಾದಿಡ್ಡಿ ಓಡುತ್ತದೆ.

ರೋಲರುಗಳು ಜೋಡಿ. ನಡುವಿನ ಸಂದು ದಪ್ಪವನ್ನು ನಿರ್ಧರಿಸುತ್ತದೆ, ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸು. ರೋಲರಿನ ಮೇಲೆ ಕೆತ್ತಿದ ಅಚ್ಚು ಹಾಳೆಯ ಒಂದು ಮುಖಕ್ಕೆ ಮೂಡುತ್ತದೆ: ಸುತ್ತಿಗೆ ಹೊಡೆದಂಥದ್ದು, ಕಲ್ಲಿನ ಮೈಯಂಥದ್ದು, ಅಲೆಯಂಥದ್ದು. ನಮ್ಮೂರ ಬಚ್ಚಲುಮನೆ ಕಿಟಕಿಗೆ ಹಾಕುವ ಡಿಸೈನ್ ಗಾಜೂ ರೋಲರಿನಿಂದಲೇ ಬರುವುದು. ಅಲ್ಲಿ ಗಾಜು ಟ್ಯಾಂಕಿನಿಂದ ನಿಲ್ಲದೆ ಪಟ್ಟಿಯಾಗಿ ಹರಿಯುತ್ತದೆ, ಇಲ್ಲಿ ಒಂದೊಂದು ಹಾಳೆಯೂ ಪ್ರತ್ಯೇಕ. ಸುಮಾರು ಎರಡೂವರೆ ಅಡಿ ಅಗಲ, ಆಳೆತ್ತರ ಮೀರಿದ ಉದ್ದ. 3 ಮಿ.ಮೀ. ಗಾಜು ಚದರ ಮೀಟರಿಗೆ 7.5 ಕೆ.ಜಿ. ತೂಗುತ್ತದೆ, ಅಂದರೆ ಚದರ ಅಡಿಗೆ 700 ಗ್ರಾಂ. ಆ ಲೆಕ್ಕದಲ್ಲಿ ಒಂದು ಹಾಳೆ ಹನ್ನೆರಡು ಹದಿಮೂರು ಕೆ.ಜಿ.; ಕತ್ತರಿಸಿ ಎಸೆಯುವ ಅಂಚು ಬೇರೆ. ಸೌಟಿನವರು ಒಂದು ಪಾಳಿಯಲ್ಲಿ ಹೊರುವ ಭಾರ ಎಷ್ಟಾಗಬಹುದೆಂದು ನೀವೇ ಗುಣಿಸಿಕೊಳ್ಳಿ.

ರೋಲರಿನಿಂದ ಹೊರಬಿದ್ದ ಹಾಳೆ ಇನ್ನೂ ಕೆಂಪಗೆ ಬಾಗುವ ಸ್ಥಿತಿಯಲ್ಲಿರುತ್ತದೆ. ಅದನ್ನು ತಕ್ಷಣ ಲಿಯರ್ ಎಂಬ ಉದ್ದನೆಯ ಸುರಂಗದಂಥ ಒಲೆಗೆ ಕಳಿಸುತ್ತಾರೆ. ಗಾಜು 500 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಮೇಲೆ ಒಂದಿಷ್ಟು ಹೊತ್ತು ನಿಂತು, ಆಮೇಲೆ ನಿಧಾನವಾಗಿ ಇಳಿಯಬೇಕು. ಹಾಗಾಗದಿದ್ದರೆ ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಭಾಗ ಆಮೇಲೆ ಕುಗ್ಗಿ, ಹಾಳೆಯೊಳಗೆ ಬಿಗಿ ಉಳಿಯುತ್ತದೆ. ಅಂಥ ಹಾಳೆ ನೋಡಲು ಚೆನ್ನಾಗಿಯೇ ಇರುತ್ತದೆ. ಕಟರಿನ ಗೀರು ಬಿದ್ದಾಗ ಗೊತ್ತಾಗುತ್ತದೆ: ನಿಮ್ಮ ಗೆರೆ ಬಿಟ್ಟು ತನಗೆ ಬೇಕಾದ ಕಡೆ ಒಡೆಯುತ್ತದೆ, ಕೆಲವೊಮ್ಮೆ ಮೇಜಿನ ಮೇಲೆ ಇಟ್ಟಲ್ಲೇ ರಾತ್ರಿ ಎರಡಾಗಿರುತ್ತದೆ. ಹಲವು ಬಣ್ಣ ಕೂಡಿದ ಹಾಳೆಗಳಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಒಂದೊಂದು ಬಣ್ಣದ ಗಾಜೂ ಆರುವಾಗ ಕುಗ್ಗುವ ಪ್ರಮಾಣ ಕೂದಲೆಳೆಯಷ್ಟು ಬೇರೆ.

ಲಿಯರಿನ ಆಚೆ ತುದಿ ಪ್ರವಾಸಿಗರಿಗೆ ನೀರಸ, ಕೆಲಸಗಾರರಿಗೆ ಅತ್ಯಂತ ಉಪಯುಕ್ತ. ಇಲ್ಲಿ ಅಂಚು ಕತ್ತರಿಸಿ, ಬೆಳಕಿಗೆ ಹಿಡಿದು, ದೋಷ ನೋಡಿ ಬೇರ್ಪಡಿಸುತ್ತಾರೆ. ದೋಷಗಳಲ್ಲಿ ಗುಳ್ಳೆಗೆ ಹೆದರಬೇಕಿಲ್ಲ, ಕೈಯಿಂದ ಮಾಡಿದ ಗಾಜಿನಲ್ಲಿ ಗುಳ್ಳೆ ಅಂದವೇ. ಹೆದರಬೇಕಾದದ್ದು ಕಲ್ಲಿಗೆ. ಕರಗದ ಮರಳಿನ ಕಾಳು ಅಥವಾ ಮೂಸೆಯಿಂದ ಎದ್ದ ಚಕ್ಕೆ ಗಾಜಿನೊಳಗೆ ಬಿಳಿ ಚುಕ್ಕೆಯಾಗಿ ಕೂತಿರುತ್ತದೆ, ಸುತ್ತ ಸಣ್ಣ ಬಿರುಕು ಇರಬಹುದು. ಗೀರು ಅದರ ಮೇಲೆ ಹಾದರೆ ಹಾಳೆ ಅಲ್ಲಿಂದಲೇ ನಕ್ಷತ್ರವಾಗಿ ಒಡೆಯುತ್ತದೆ. ಕೊಳ್ಳುವಾಗ ಅಂಗೈ ಆಡಿಸಿ ಉಬ್ಬು ಹುಡುಕಿ, ಸಿಕ್ಕಿದರೆ ಬೇರೆ ಹಾಳೆ ಕೇಳಿ. ಹಾಗೆಯೇ ಹಾಳೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡಿ, ಬಾಗಿದೆಯೇ ಎಂದು. ಬಾಗಿದ ಗಾಜನ್ನು ಕಿಟಕಿಯ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಯಲ್ಲಿ ಕೂರಿಸುವುದು ಹಿಂಸೆ.

ಒಳಬಿಗಿ ನೋಡಲು ಯಂತ್ರ ಬೇಡ. ಲ್ಯಾಪ್‌ಟಾಪ್ ತೆರೆಯಲ್ಲಿ ಬಿಳಿ ಪುಟ ತೆರೆದು, ಪೋಲರಾಯ್ಡ್ ತಂಪು ಕನ್ನಡಕವನ್ನು ತೆರೆ ಕಪ್ಪಾಗುವ ತನಕ ತಿರುಗಿಸಿ, ನಡುವೆ ಗಾಜು ಹಿಡಿದರೆ ಬಿಗಿ ಇರುವ ಕಡೆ ಬೆಳ್ಳಗೆ ಹೊಳೆಯುತ್ತದೆ. ಪಾರದರ್ಶಕ ಗಾಜಿಗೆ ಮಾತ್ರ ಈ ಉಪಾಯ. ದಟ್ಟ ಓಪಲ್ (ಓಪಲೆಸೆಂಟ್ ಗಾಜು) ಬೆಳಕನ್ನೇ ಚದುರಿಸುವುದರಿಂದ ಏನೂ ಹೇಳುವುದಿಲ್ಲ.

ಇತಿಹಾಸ ಎರಡು ಮಾತಿನಲ್ಲಿ ಮುಗಿಸಬಹುದು. 1886ರಲ್ಲಿ ಕೊಕೊಮೊದಲ್ಲಿ ನೆಲದಡಿ ನೈಸರ್ಗಿಕ ಅನಿಲ ಸಿಕ್ಕಿತು. ಉರುವಲು ಅಗ್ಗ ಎಂದೊಡನೆ ಗಾಜಿನವರು ಇಂಡಿಯಾನಾಕ್ಕೆ ಧಾವಿಸಿದರು; ಹಾಗೆ ಬಂದವರಲ್ಲಿ ಚಾರ್ಲ್ಸ್ ಎಡ್ವರ್ಡ್ ಹೆನ್ರಿ ಒಬ್ಬರು, ಈ ಕಾರ್ಖಾನೆ ಕಟ್ಟಿದವರು. ಊರಿನವರು ಆ ಅನಿಲವನ್ನು ಹಗಲೂ ರಾತ್ರಿ ದೀವಟಿಗೆಯಾಗಿ ಸುಮ್ಮನೆ ಉರಿಸಿದರು, 20ನೇ ಶತಮಾನದ ಆರಂಭಕ್ಕೆಲ್ಲ ನಿಕ್ಷೇಪ ಬರಿದಾಗಿತ್ತು. ಬಂದವರಲ್ಲಿ ಬಹುಪಾಲು ಹೋದರು, ಇವರು ಉಳಿದರು. ಉಳಿಯಲು ಕಾರಣ ಕಾಲ ಕೂಡಿಬಂದದ್ದು. ಅಮೆರಿಕದ ಕಲಾವಿದ ಜಾನ್ ಲಾ ಫಾರ್ಜ್ 1880ರಲ್ಲಿ ಓಪಲೆಸೆಂಟ್ ಕಿಟಕಿಯ ಪೇಟೆಂಟ್ ಪಡೆದಿದ್ದರು, ಮರುವರ್ಷ ಇನ್ನೊಬ್ಬ ಕಲಾವಿದ ಲೂಯಿ ಕಂಫರ್ಟ್ ಟಿಫಾನಿ ತಮ್ಮವನ್ನು. ಅಲ್ಲಿಯವರೆಗೆ ಯುರೋಪಿನ ಕ್ರಮದಲ್ಲಿ ಪಾರದರ್ಶಕ ಗಾಜಿನ ಮೇಲೆ ಕುಂಚದಲ್ಲಿ ಬರೆದು ಸುಡುತ್ತಿದ್ದರು. ಈ ಇಬ್ಬರ ಕಿಟಕಿಯಲ್ಲಿ ಸೆರಗಿನ ನೆರಿಗೆ, ಮೋಡ, ನೀರು ಎಲ್ಲವೂ ಗಾಜಿನೊಳಗಿನ ಎಳೆಯೇ. ಅಂಥ ಗಾಜು ಮಾಡಿಕೊಡುವವರು ಬೇಕಾಯಿತು. ಟಿಫಾನಿ ಈ ಕಾರ್ಖಾನೆಯ ಗಿರಾಕಿಯಾಗಿದ್ದರು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಗಾಜಿನ ಛಾವಣಿ ಕಂಡವರು ಅದರ ಮೂಲ ಇಲ್ಲಿ ಹುಡುಕಬಾರದು. ಅದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ, ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯಿಂದ ಬಂದದ್ದು. ಆ ಪರಂಪರೆ ಬೇರೆ.

ಕೊಳ್ಳುವ ಮಾತಿಗೆ ಬರೋಣ. ಕಾರ್ಖಾನೆಗೆ ಹೊಂದಿಕೊಂಡ ಅಂಗಡಿಯಿದೆ. ಮಾಡಿದ ಸಾಮಾನುಗಳು, ಉಡುಗೊರೆಗಳು ಮುಂದೆ ಹೊಳೆಯುತ್ತಿರುತ್ತವೆ. ಕೆಲಸ ಮಾಡುವವರು ಅವನ್ನು ದಾಟಿ ಹಾಳೆಗಳತ್ತ ನಡೆಯಲಿ. ಮೂರು ಬಗೆ ತಿಳಿದಿದ್ದರೆ ಸಾಕು. ಕ್ಯಾಥೆಡ್ರಲ್ ಎಂದರೆ ಪಾರದರ್ಶಕ, ಸಾಮಾನ್ಯವಾಗಿ ಒಂದೇ ಬಣ್ಣ. ವಿಸ್ಪಿ ಎಂದರೆ ಪಾರದರ್ಶಕದೊಳಗೆ ಬಿಳಿ ಹೊಗೆಯ ಎಳೆ. ಓಪಲೆಸೆಂಟ್ ಎಂದರೆ ಪೂರ್ತಿ ಮಬ್ಬು, ಅದರಲ್ಲೇ ದಟ್ಟ ತೆಳು ಎಂಬ ಭೇದ. ಕಿಟಕಿಗೆ ಯಾವುದು ಎಂಬುದು ಹಿಂದೆ ಏನಿದೆ ಎಂಬುದರ ಮೇಲೆ. ಪಕ್ಕದ ಮನೆ ಗೋಡೆಯೋ ನೀರಿನ ಟ್ಯಾಂಕೋ ಕಾಣುತ್ತಿದ್ದರೆ ಕ್ಯಾಥೆಡ್ರಲ್ ಅದನ್ನು ಮರೆಮಾಡದು. ಪಶ್ಚಿಮದ ಬಿಸಿಲು ನೇರ ಬೀಳುವ ಕಡೆ ಓಪಲ್ ಚೆನ್ನ, ಇಡೀ ಗಾಜು ತಾನೇ ದೀಪವಾಗುತ್ತದೆ. ಬೆಳಕೇ ಕಡಿಮೆ ಇರುವ ಮೆಟ್ಟಿಲ ಬಳಿ ದಟ್ಟ ಓಪಲ್ ಹಾಕಿದರೆ ಹಗಲಲ್ಲೂ ಬೂದು ಹಲಗೆ. ದೀಪದ ಛತ್ರಿಗೆ ಮಾತ್ರ ಓಪಲ್ ಬಿಟ್ಟು ಬೇರೆ ಯೋಚನೆಯೇ ಬೇಡ. ಪಾರದರ್ಶಕ ಗಾಜಿನಲ್ಲಿ ಬಲ್ಬು ಕಣ್ಣಿಗೆ ಚುಚ್ಚುತ್ತದೆ.

ಗಾಜನ್ನು ಕಪಾಟಿನಲ್ಲಿ ನೋಡಿ ಆರಿಸಬೇಡಿ. ಮೇಲಿನಿಂದ ಬಿದ್ದ ಬೆಳಕಿನಲ್ಲಿ ಕಾಣುವ ಬಣ್ಣಕ್ಕೂ ಹಿಂದಿನಿಂದ ಹಾಯ್ದ ಬೆಳಕಿನಲ್ಲಿ ಕಾಣುವ ಬಣ್ಣಕ್ಕೂ ಓಪಲ್‌ನಲ್ಲಿ ಸಂಬಂಧವೇ ಇರುವುದಿಲ್ಲ ಎನ್ನಬಹುದು. ಬಿಳಿಯೆಂದು ತೆಗೆದುಕೊಂಡದ್ದು ಹಿಂದಿನಿಂದ ಬೆಳಕು ಬಂದಾಗ ಕಿತ್ತಳೆಯ ಛಾಯೆ ತೋರಿಸುತ್ತದೆ. ಸಣ್ಣ ಹರಳುಗಳು ನೀಲಿಯನ್ನು ಹೆಚ್ಚು ಚದುರಿಸಿ ಕೆಂಪನ್ನು ಹಾಯಿಸುವುದೇ ಕಾರಣ. ಸಾಧ್ಯವಾದರೆ ಹಾಳೆಯನ್ನು ಬಾಗಿಲ ಬಳಿ ತಂದು ಬಿಸಿಲಿಲ್ಲದ ಆಕಾಶಕ್ಕೆ ಹಿಡಿದು ನೋಡಿ. ದೀಪಕ್ಕಾದರೆ ನಿಮ್ಮ ಮನೆಯ ಬಲ್ಬನ್ನೇ ಜೇಬಿನಲ್ಲಿ ಒಯ್ಯಿರಿ. ನಗಬೇಡಿ, ಬೆಚ್ಚಗಿನ ಎಲ್ಇಡಿಗೂ ಬಿಳಿ ಎಲ್ಇಡಿಗೂ ಹಸಿರು ಗಾಜು ಕೊಡುವ ಉತ್ತರ ಬೇರೆ ಬೇರೆ.

ಎಷ್ಟು ಬೇಕು? ವಿನ್ಯಾಸದಲ್ಲಿ ಆ ಬಣ್ಣ ಆವರಿಸುವ ಜಾಗ ಅಳೆದು, ಒಂದೇ ಬಣ್ಣದ ಕ್ಯಾಥೆಡ್ರಲ್ ಆದರೆ ಕಾಲು ಭಾಗ ಹೆಚ್ಚು ಕೊಳ್ಳಿ. ಎಳೆ ಇರುವ ಓಪಲ್ ಆದರೆ ಅರ್ಧದಷ್ಟು ಹೆಚ್ಚು, ಏಕೆಂದರೆ ಎಳೆಯ ದಿಕ್ಕು ಕೂಡಿಸಲು ಬಹಳ ಬಿಟ್ಟು ಕೊಯ್ಯಬೇಕು. 2 ಅಡಿಗೆ 3 ಅಡಿ ಕಿಟಕಿಯಲ್ಲಿ ಹಿನ್ನೆಲೆ 3 ಚದರ ಅಡಿ ಇದ್ದರೆ ಹತ್ತಿರ ಹತ್ತಿರ 4.5 ಚದರ ಅಡಿ. ಇದನ್ನು ಒಂದೇ ಸಲ, ಸಾಧ್ಯವಾದರೆ ಒಂದೇ ಹಾಳೆಯಿಂದ ತೆಗೆದುಕೊಳ್ಳಿ. "ಕಡಿಮೆ ಬಿದ್ದರೆ ಮತ್ತೆ ತರಿಸಿದರಾಯಿತು" ಎಂಬ ಲೆಕ್ಕ ಕೈಯಲ್ಲಿ ಉರುಳಿಸಿದ ಗಾಜಿಗೆ ನಡೆಯುವುದಿಲ್ಲ. ಮುಂದಿನ ಸಲದ ಹಾಳೆಯ ನಂಬರ್ ಅದೇ ಇರುತ್ತದೆ, ಆಕಾಶ ಬೇರೆಯಾಗಿರುತ್ತದೆ. ನಂಬರನ್ನು ಬರೆದಿಟ್ಟುಕೊಳ್ಳುವುದರ ಜತೆ ಒಂದು ಅಂಗುಲದ ತುಂಡನ್ನೂ ಎತ್ತಿಡಿ, ದುರಸ್ತಿಗೆ ಹೋಲಿಸಲು ಅದೇ ಆಧಾರ. ಸಣ್ಣ ಕೆಲಸ ಮಾಡುವವರಿಗೆ ತೂಕದ ಲೆಕ್ಕದಲ್ಲಿ ಸಿಗುವ ಚೂರುಗಳು ಲಾಭ. ಆರಿಸುವಾಗ ದಪ್ಪ ಚೂರುಗಳನ್ನು ಬಿಡಿ, 3 ಮಿ.ಮೀ. ಸುತ್ತಲಿನವನ್ನು ಎತ್ತಿಕೊಳ್ಳಿ, ದಪ್ಪ ಗಾಜು ತೂಕಕ್ಕೆ ದುಬಾರಿ, ಕೊಯ್ಯಲೂ ಕಷ್ಟ.

ಕೊಯ್ಯುವಾಗ ಗೀರು ಯಾವಾಗಲೂ ನಯವಾದ ಮುಖದ ಮೇಲೆ. ಅಚ್ಚಿನ ಮುಖದ ಮೇಲೆ ಚಕ್ರ ಕುಣಿಯುತ್ತದೆ, ಗೀರು ಬಿಟ್ಟು ಬಿಟ್ಟು ಬೀಳುತ್ತದೆ. ಕಾರ್ಬೈಡ್ ಚಕ್ರದ ಕಟರ್, ಒಂದು ಹನಿ ತೆಳು ಎಣ್ಣೆ, ಒಂದೇ ಒತ್ತಡ, ಒಂದೇ ಸಲ. ಕ್ಯಾಥೆಡ್ರಲ್ ಗಾಜು ಸಿಂಯ್ ಎಂದು ಹಾಡುತ್ತದೆ. ದಟ್ಟ ಓಪಲ್ ಹಾಡುವುದಿಲ್ಲ, ಅಂದ ಮಾತ್ರಕ್ಕೆ ಇನ್ನಷ್ಟು ಒತ್ತುವುದು ಬಹುತೇಕರ ತಪ್ಪು. ಹೆಚ್ಚು ಒತ್ತಿದರೆ ಗೀರಿನ ಬದಿಯಲ್ಲಿ ಪುಡಿ ಏಳುತ್ತದೆ, ಒಡೆತ ಅಡ್ಡ ಹರಿಯುತ್ತದೆ. ಹಾಳೆಯಲ್ಲಿ ದಟ್ಟ ಬಿಳಿಯಿಂದ ತಿಳಿ ಬಣ್ಣಕ್ಕೆ ದಾಟುವ ಗಡಿಯಲ್ಲಿ ಒಡೆತ ಹಾದಿ ತಪ್ಪುವುದು ಹೆಚ್ಚು. ಅಂಥ ಕಡೆ ಗೀರು ಎಳೆದ ಮೇಲೆ ಇಕ್ಕಳದಿಂದ ಎರಡೂ ತುದಿಗಳಿಂದ ಸ್ವಲ್ಪ ಸ್ವಲ್ಪ ತೆರೆಯುತ್ತಾ ಬಂದು ನಡುವೆ ಕೂಡಿಸಬೇಕು. ತುಂಡುಗಳ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ ಬೆಸುಗೆ ಹಾಕುವವರಿಗೆ 3 ಮಿ.ಮೀ. ಗಾಜಿಗೆ 7/32 ಅಂಗುಲದ ಪಟ್ಟಿ, ಅಲೆಯ ಗಾಜಿಗೆ ಕಾಲು ಅಂಗುಲದ್ದು. ಪಟ್ಟಿಯ ಒಳಮೈ ಬಣ್ಣ ಕ್ಯಾಥೆಡ್ರಲ್‌ನಲ್ಲಿ ಅಂಚಿನಿಂದ ಕಾಣುತ್ತದೆ, ಬೆಸುಗೆಗೆ ಕಪ್ಪು ಬಣ್ಣ ಹಾಕುವುದಾದರೆ ಕಪ್ಪು ಒಳಮೈಯದ್ದು ತನ್ನಿ. ಓಪಲ್‌ಗೆ ಯಾವುದಾದರೂ ಆಗುತ್ತದೆ.

ಗೂಡಿನಲ್ಲಿ ಗಾಜು ಕರಗಿಸಿ ಬೆಸೆಯುವವರು, ಅಂದರೆ ಫ್ಯೂಸಿಂಗ್ ಮಾಡುವವರು, ಇಲ್ಲಿ ಎಚ್ಚರ ವಹಿಸಬೇಕು. ಆ ಕೆಲಸಕ್ಕೆಂದೇ ಪರೀಕ್ಷಿಸಿದ ಗಾಜು ಬೇರೆ ಇದೆ: ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಬುಲ್ಸ್‌ಐ ಕಂಪನಿಯದು 90ರ ಸಾಲಿನದು, ಓಷನ್‌ಸೈಡ್ ಕಂಪನಿಯದು 96ರದು. ಈ ಸಂಖ್ಯೆ ಬಿಸಿಗೆ ಗಾಜು ಹಿಗ್ಗುವ ಪ್ರಮಾಣ. ಕೊಕೊಮೊ ಹಾಳೆಗಳು ಮೂಲತಃ ಸೀಸ, ತಾಮ್ರದಲ್ಲಿ ಕಟ್ಟುವ ಕಿಟಕಿಗೆ ಮಾಡಿದಂಥವು, ಬಣ್ಣದಿಂದ ಬಣ್ಣಕ್ಕೆ ಹಿಗ್ಗುವಿಕೆ ಬದಲಾಗುತ್ತದೆ. ಇವನ್ನು ಬುಲ್ಸ್‌ಐ ಮೇಲಿಟ್ಟು ಕರಗಿಸಿದರೆ ಗೂಡಿನಿಂದ ಚೆನ್ನಾಗಿಯೇ ಹೊರಬಂದು ವಾರದ ಮೇಲೆ ಒಡೆಯಬಹುದು. ಬಳಸಲೇಬೇಕೆಂದಿದ್ದರೆ ಒಂದೇ ಹಾಳೆಯ ತುಂಡುಗಳನ್ನು ಅದರ ಜತೆಗೇ ಬೆಸೆಯಿರಿ. ಬೇರೆಯದರ ಜತೆಯಾದರೆ ಮೊದಲು ಪರೀಕ್ಷೆ: ತಿಳಿ ಗಾಜಿನ ಪಟ್ಟಿಯ ಮೇಲೆ ಅರ್ಧ ಅಂಗುಲದ ತುಂಡುಗಳನ್ನು ದೂರ ದೂರ ಇಟ್ಟು, ಹೋಲಿಕೆಗೆ ಪಟ್ಟಿಯದೇ ಒಂದು ತುಂಡನ್ನೂ ಇಟ್ಟು, ಸುಮಾರು 800 ಡಿಗ್ರಿಗೆ ಕರಗಿಸಿ, ಹದವಾಗಿ ಆರಿಸಿ, ಮೇಲೆ ಹೇಳಿದ ಕನ್ನಡಕದ ಉಪಾಯದಿಂದ ನೋಡಿ. ತುಂಡಿನ ಸುತ್ತ ಬೆಳಕಿನ ಬಳೆ ಕಂಡರೆ ಆ ಜೋಡಿ ಬೇಡ. ಪಟ್ಟಿಯ ತುಂಡಿನ ಸುತ್ತಲೇ ಬಳೆ ಕಂಡರೆ ದೋಷ ಗಾಜಿನದಲ್ಲ, ಆರಿಸಿದ ಕ್ರಮದ್ದು. ಕ್ಯಾಡ್ಮಿಯಂ, ಸೆಲೆನಿಯಂನ ಹಳದಿ ಕೆಂಪುಗಳನ್ನು ತಾಮ್ರದ ನೀಲಿ ಹಸಿರಿಗೆ ತಾಗಿಸಿ ಕರಗಿಸಿದರೆ ಗಡಿಯಲ್ಲಿ ಕಂದು ಕಪ್ಪು ಗೆರೆ ಮೂಡುತ್ತದೆ. ಆ ಹಳದಿ ಕೆಂಪುಗಳಲ್ಲಿರುವ ಗಂಧಕವೂ ತಾಮ್ರವೂ ಕೂಡಿದ ಫಲ. ಬೇಕೆಂದೇ ಮಾಡುವವರೂ ಇದ್ದಾರೆ.

ಕ್ಯಾಡ್ಮಿಯಂ ಎಂದಾಗ ಇನ್ನೊಂದು ಪ್ರಶ್ನೆ ಬರುತ್ತದೆ, ಪರಿಸರದ್ದು. 2016ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಮರದ ಪಾಚಿಯನ್ನು ಪರೀಕ್ಷಿಸಿದ ಅರಣ್ಯ ಇಲಾಖೆಯ ಅಧ್ಯಯನ ಅಲ್ಲಿನ ಬಣ್ಣದ ಗಾಜಿನ ಕಾರ್ಖಾನೆಗಳ ಸುತ್ತ ಲೋಹದ ಅಂಶ ಹೆಚ್ಚಿರುವುದನ್ನು ತೋರಿಸಿತು. ಅದರ ಬೆನ್ನಿಗೇ ಹೊಗೆ ಸೋಸುವ ವ್ಯವಸ್ಥೆ ಈ ಉದ್ಯಮದ ದೊಡ್ಡ ಖರ್ಚಾಯಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಸ್ಪೆಕ್ಟ್ರಮ್ ಕಾರ್ಖಾನೆ ಬಾಗಿಲು ಹಾಕಿತು, ಅದರ ಸೂತ್ರಗಳು ಓಷನ್‌ಸೈಡ್ ಕೈಗೆ ಹೋದವು. ಸ್ಪೆಕ್ಟ್ರಮ್‌ನ ಗಾಜು ನಿಲ್ಲದ ಪಟ್ಟಿಯಾಗಿ ಹರಿದು ಬರುತ್ತಿದ್ದರಿಂದ ಬಣ್ಣ ಸಮ, ದಪ್ಪ ಸಮ, ಕಲಿಯುವವರಿಗೆ ಹೇಳಿ ಮಾಡಿಸಿದಂತಿತ್ತು. ಕೈಯಿಂದ ಉರುಳಿಸುವ ಹಳೆಯ ಕಾರ್ಖಾನೆಗಳಲ್ಲಿ ಕೊಕೊಮೊ ಜತೆಗೆ ಪಶ್ಚಿಮ ವರ್ಜೀನಿಯಾದ ಪೇಡನ್ ಸಿಟಿಯ ವಿಸ್ಮಾಕ್ ಕೂಡ ಇದೆ. ಊದುಗೊಳವೆಯಿಂದ ಗಾಜಿನ ಕೊಳವೆ ಊದಿ, ಸೀಳಿ, ಹಾಳೆಯಾಗಿ ಬಿಡಿಸುವ ಯುರೋಪಿನ ಕ್ರಮ ನೋಡಬೇಕೆಂದರೆ ಜರ್ಮನಿಯ ವಾಲ್ಡ್‌ಸಾಸೆನ್‌ನ ಲ್ಯಾಂಬರ್ಟ್ಸ್ ಇದೆ. ಕೈಯಿಂದ ಗಾಜು ಮಾಡುವ ಕುಶಲತೆ 2023ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಮೇಜಿನ ಮೇಲೆ ಬಣ್ಣ ಕೂಡುವುದನ್ನು ನೋಡಬೇಕೆಂದಿದ್ದರೆ ಮಾತ್ರ ಕೊಕೊಮೊಗೇ ಬನ್ನಿ.

ಊರಿಗೆ ಒಯ್ಯುವವರಿಗೆ: ಗಾಜನ್ನು 12 ಅಂಗುಲ ಚೌಕಕ್ಕೆ ಕೊಯ್ಯಿಸಿಕೊಳ್ಳಿ, ತುಂಡಿಗೆ 700 ಗ್ರಾಂನಂತೆ ಇಪ್ಪತ್ತು ತುಂಡು 14 ಕೆ.ಜಿ., ಪೆಟ್ಟಿಗೆಯ ತೂಕ ಸೇರಿದರೂ ವಿಮಾನದ ಲಗೇಜಿನ 23 ಕೆ.ಜಿ. ಮಿತಿಯೊಳಗೆ ಆರಾಮ. ಅಂಚಿಗೆ ಟೇಪು, ನಡುವೆ ಪತ್ರಿಕೆಯ ಹಾಳೆ, ಎಲ್ಲವನ್ನೂ ಸಡಿಲ ಬಿಡದೆ ಒಂದೇ ಇಟ್ಟಿಗೆಯಂತೆ ಬಿಗಿದು, ಸುತ್ತ ಎರಡು ಅಂಗುಲ ಫೋಮ್. ಪೆಟ್ಟಿಗೆಯಲ್ಲಿ ಗಾಜು ಅಂಚಿನ ಮೇಲೆ ನಿಂತಿರಬೇಕು. ಮಲಗಿಸಿದರೆ ಮೇಲಿನಿಂದ ಒಂದೇ ಏಟು ಬಿದ್ದರೂ ನಡುವೆ ಮುರಿಯುತ್ತದೆ, ಅಂಚಿನ ಮೇಲೆ ನಿಂತದ್ದು ಅಷ್ಟು ಸುಲಭಕ್ಕೆ ಮುರಿಯದು. ಕೈಚೀಲದಲ್ಲಿ ಒಯ್ಯಬೇಡಿ, ಚೂಪು ಅಂಚಿನ ಹೆಸರಿನಲ್ಲಿ ತಪಾಸಣೆಯಲ್ಲೇ ಉಳಿದುಬಿಡಬಹುದು. ಬಿಲ್ಲು ಮೇಲೆಯೇ ಇರಲಿ, ಕಸ್ಟಮ್ಸ್‌ನವರು ಕೇಳಿದರೆ ತೋರಿಸಲು. ಪೂರ್ತಿ ಹಾಳೆ ಬೇಕಾದವರು ಮರದ ಪೆಟ್ಟಿಗೆ ಕಟ್ಟಿಸಿ ಹಡಗಿನಲ್ಲೇ ಕಳಿಸಬೇಕು; ಒಂದೆರಡು ಹಾಳೆಗೆ ಆ ಖರ್ಚು ಗಾಜಿನ ಬೆಲೆಯನ್ನೇ ಮೀರುತ್ತದೆ, ನಾಲ್ಕಾರು ಸ್ಟುಡಿಯೋದವರು ಸೇರಿ ತರಿಸಿದರೆ ಮಾತ್ರ ಗಿಟ್ಟೀತು.